ಒಂದೇ ಟ್ರೇ ಮೀನಿಗೆ ನಾಲ್ಕು ಪಾತ್ರೆಯ ಹಠ ಯಾಕೆ?

ಮೊದಲೇ ಹೇಳಿಬಿಡುತ್ತೇವೆ, ಮೀನು ತಿನ್ನದ ಓದುಗರು ಈ ಸಲ ಕ್ಷಮಿಸಬೇಕು. ಇದು ಮೀನಿನ ವಿಚಾರ. ಆದರೆ ಕೊನೆಯವರೆಗೆ ಓದಿದರೆ ಬರೀ ಮೀನಿನ ವಿಚಾರ ಅಲ್ಲ ಅಂತ ನಿಮಗೂ ಅನಿಸೀತು.

ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟು, ಬಸ್ಸು ಹಿಡಿದು ನಾವು ಮನೆ ಮುಟ್ಟುವಾಗ ಐದೂವರೆ. ಚೀಲದಲ್ಲಿ ತಿದ್ದಲು ಬಾಕಿಯಿರುವ ನೋಟ್ ಪುಸ್ತಕಗಳು. ಅಡುಗೆಮನೆಯಲ್ಲಿ ಎರಡನೇ ಪಾಳಿ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಪಾಠ ಮಾಡುವ ನಮ್ಮಂಥ ಹೆಂಗಸರ ದಿನಚರಿ ಇದು. ಹೊಸತೇನೂ ಅಲ್ಲ.

ಮೊನ್ನೆ ಸ್ಟಾಫ್ ರೂಮಿನಲ್ಲಿ ನಮ್ಮ ಟೀಚರೊಬ್ಬರು ಒಂದು ಸಂಗತಿ ಹೇಳಿದರು. ಗಲ್ಫಿನಿಂದ ರಜೆಗೆ ಬಂದ ತಮ್ಮ ಆಲಿವ್ ಬಾಟಲಿ ತಂದಿದ್ದನಂತೆ. ಬುಧವಾರ ರಾತ್ರಿ ಇವರು ಟೊಮೆಟೊ, ಆಲಿವ್, ಬೆಳ್ಳುಳ್ಳಿ ಹಾಕಿ ಬಂಗುಡೆಯನ್ನು ಓವನ್ನಿನಲ್ಲಿ ಬೇಯಿಸಿದರಂತೆ. "ಹತ್ತು ನಿಮಿಷದ ಕೆಲಸ ಮಾರಾಯ್ರೆ" ಅಂದರು. ತಕ್ಷಣ ಮೂರು ಮಾತು ಬಂದವು. "ತೆಂಗಿನಕಾಯಿ ಅರೆಯದೆ ಮೀನಾ? ಅದು ನಮ್ಮದಲ್ಲ" ಅಂದರು ಒಬ್ಬರು. "ಅದೆಲ್ಲ ದುಡ್ಡಿದ್ದವರ ಊಟ" ಅಂದರು ಇನ್ನೊಬ್ಬರು. ಮೂರನೆಯವರು ಕೇಳಿದ್ದು: "ಅದರ ಜೊತೆಗೆ ಬೇರೇನು ಮಾಡಿದಿರಿ?"

"ಅನ್ನ, ಸಾರು, ಬೀನ್ಸ್ ಪಲ್ಯ, ಅತ್ತೆಗೆ ಗಂಜಿ" ಅಂದರು ಟೀಚರು.

ನಮ್ಮ ಜಗಳ ಇರುವುದು ಈ ಮೂರೂ ಮಾತುಗಳ ಜೊತೆ. ಒಂದೊಂದಾಗಿ ನೋಡೋಣ.

ನಮ್ಮದಲ್ಲ, ಒಪ್ಪಿದೆವು. ಇದು ಮೆಡಿಟರೇನಿಯನ್ ಸಮುದ್ರದ ಕರಾವಳಿಯ ಅಡುಗೆ. ಗ್ರೀಸಿನಲ್ಲಿ ಈರುಳ್ಳಿ, ಟೊಮೆಟೊ, ಆಲಿವ್ ಎಣ್ಣೆಯಲ್ಲಿ ಮೀನನ್ನು ಒಲೆಯೊಳಗಿಟ್ಟು ಬೇಯಿಸುವುದಕ್ಕೆ 'ಪ್ಲಾಕಿ' ಎನ್ನುತ್ತಾರೆ. ಸಿಸಿಲಿಯ ಮೆಸ್ಸಿನಾದಲ್ಲಿ ಕತ್ತಿಮೀನಿಗೆ ಟೊಮೆಟೊ, ಆಲಿವ್ ಎರಡೂ ಬೀಳುತ್ತವೆ. ಆದರೆ ಟೊಮೆಟೊ ಅವರದ್ದೂ ಅಲ್ಲವಲ್ಲ! ಅದು ಅಮೆರಿಕ ಖಂಡದಿಂದ 16ನೇ ಶತಮಾನದಲ್ಲಿ ಯುರೋಪಿಗೆ ಬಂದ ಗಿಡ. ಇಟಲಿಯಲ್ಲಿ ಟೊಮೆಟೊ ಗೊಜ್ಜಿನ ವಿಧಾನವನ್ನು ಮೊದಮೊದಲು ಅಚ್ಚು ಹಾಕಿಸಿದವನು ನೇಪಲ್ಸಿನ ಆಂಟೋನಿಯೊ ಲಾಟಿನಿ, 1692ರಲ್ಲಿ. ಅವನು ಕೂಡ ಅದನ್ನು 'ಸ್ಪೇನಿನ ರೀತಿ' ಎಂದೇ ಕರೆದ. ಇನ್ನು ನಮ್ಮ ಪುಳಿಮುಂಚಿಯ ಮೆಣಸು? ಅದೂ ಅಮೆರಿಕದಿಂದಲೇ ಹಡಗು ಹತ್ತಿ ಬಂದದ್ದು. ಮೆಣಸನ್ನು ನಮ್ಮದು ಮಾಡಿಕೊಂಡವರಿಗೆ ಹತ್ತು ಆಲಿವ್ ಕಾಯಿ ಯಾಕೆ ಗಂಟಲಲ್ಲಿ ಸಿಕ್ಕಿಕೊಳ್ಳಬೇಕು? ಹಳೆಯ ಕನ್ನಡ ಬೈಬಲ್ ಅನುವಾದಕರು ಆಲಿವನ್ನು 'ಎಣ್ಣೆಮರ' ಎಂದು ಎಂದೋ ನಮ್ಮ ಭಾಷೆಗೆ ತಂದಾಗಿದೆ. ಹೆಸರು ಬಂದು ಎಷ್ಟೋ ಕಾಲ ಆಯಿತು, ಕಾಯಿ ಈಗ ಬಂದಿದೆ ಅಷ್ಟೆ.

ಇನ್ನು ದುಡ್ಡಿದ್ದವರ ಊಟ ಎಂಬ ಮಾತು. ಗ್ರೀಸಿನ ಹಳ್ಳಿ-ಪೇಟೆಗಳ ಎಷ್ಟೋ ಮನೆಗಳಲ್ಲಿ ಹಿಂದೆ ಓವನ್ನೇ ಇರಲಿಲ್ಲ. ಟ್ರೇಯಲ್ಲಿ ಎಲ್ಲ ಜೋಡಿಸಿ, ಬ್ರೆಡ್ ಸುಡುವವನ ಒಲೆಗೆ ಹೊತ್ತುಕೊಂಡು ಹೋಗಿ ಬೇಯಿಸಿ ತರುತ್ತಿದ್ದರು. ಅಮೆರಿಕದ ಆನ್ಸೆಲ್ ಕೀಸ್ 1958ರಲ್ಲಿ ಏಳು ದೇಶಗಳ ಆಹಾರ-ಹೃದಯರೋಗದ ಅಧ್ಯಯನ ಶುರು ಮಾಡಿದಾಗ ಗಮನಿಸಿದ್ದು ಕ್ರೀಟಿನಂಥ ಕಡೆಯ ಸಾಧಾರಣ ಹಳ್ಳಿಗರ ಊಟವನ್ನು. 2010ರಲ್ಲಿ ಯುನೆಸ್ಕೊ ಈ ಆಹಾರಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆಮೇಲೆ ಬಂದ ಬಣ್ಣದ ಚಿತ್ರಗಳನ್ನು ನೋಡಿ ನಾವು ಅದನ್ನು ಶ್ರೀಮಂತರದ್ದು ಅಂದುಕೊಂಡಿದ್ದೇವೆ. ದುಬಾರಿ ಸಾಲ್ಮನ್ ತರಬೇಕೆಂದು ಯಾವ ಬೆಸ್ತರ ಮನೆಯಲ್ಲೂ ನಿಯಮ ಇರಲಿಲ್ಲ. ಬಂಗುಡೆ, ಬೂತಾಯಿಯ ಬಳಗದ ಮೀನು ಆ ಸಮುದ್ರದಲ್ಲೂ ಇವೆ, ಅಲ್ಲೂ ಅವು ಬಡವರ ಮೀನೇ.

ಆಲಿವ್ ಬಗ್ಗೆ ಹೆದರಿಕೆಯೂ ಬೇಡ. ಮರದಿಂದ ಕಿತ್ತ ಕಾಯಿ ಕಹಿ ವಿಷ. ವಾರಗಟ್ಟಲೆ, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಹಾಕಿಟ್ಟರೆ ಕಹಿ ಇಳಿಯುತ್ತದೆ. ಭರಣಿಯಲ್ಲಿ ಮಾವಿನಕಾಯಿ ಹಾಕಿಡುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಾಲ್ಕು ಜನಕ್ಕೆ ಅರ್ಧ ಕಿಲೋ ಟೊಮೆಟೊ, ಒಂದು ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಎಣ್ಣೆ, ಹತ್ತು-ಹನ್ನೆರಡು ಆಲಿವ್ ಸಾಕು. ಮೀನು ಬಿಟ್ಟು ಉಳಿದದ್ದನ್ನೆಲ್ಲ ಟ್ರೇಗೆ ಹಾಕಿ 200 ಡಿಗ್ರಿಯಲ್ಲಿ 20 ನಿಮಿಷ ಇಡಿ. ಟೊಮೆಟೊ ಒಡೆದು ರಸ ಬಿಟ್ಟ ಮೇಲೆ, ಗೀರು ಹಾಕಿದ ನಾಲ್ಕು ಬಂಗುಡೆ ಅದರ ಮೇಲಿಟ್ಟು ಇನ್ನೂ 15ರಿಂದ 20 ನಿಮಿಷ. ಮುಳ್ಳಿನ ಹತ್ತಿರದ ಮಾಂಸ ಬೆಳ್ಳಗಾಗಿ ಬಿಟ್ಟುಬಂದರೆ ಆಯಿತು. ಆಲಿವಿನಲ್ಲೇ ಉಪ್ಪಿದೆ, ಕೈ ಹಿಡಿದು ಹಾಕಿ. ಟೊಮೆಟೊ ಹುಳಿ ಇರುವುದರಿಂದ ಅಲ್ಯುಮಿನಿಯಂ ಟ್ರೇ ಬೇಡ. ಗಾಜು, ಸ್ಟೀಲ್ ಆದೀತು. 1500 ವಾಟಿನ ಓವನ್ ನಿಲ್ಲದೆ 40 ನಿಮಿಷ ಉರಿದರೂ ಒಂದು ಯೂನಿಟ್ ಕರೆಂಟು. ಓವನ್ ಇಲ್ಲವೇ? ದಪ್ಪ ತಳದ ಪಾತ್ರೆಗೆ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿಡಿ. ಇಟಲಿಯ ಲಿವೋರ್ನೊ ಬಂದರಿನವರು ಟೊಮೆಟೊ ಗೊಜ್ಜಿನ ಮೀನನ್ನು ಒಲೆಯ ಮೇಲೆಯೇ ಮಾಡುತ್ತಾರೆ.

ಇಷ್ಟು ಸುಲಭ. ಹಾಗಾದರೆ ನಮ್ಮ ಟೀಚರ ಬುಧವಾರ ಯಾಕೆ ಸುಲಭವಾಗಲಿಲ್ಲ?

ಯಾಕೆಂದರೆ ಈ ಅಡುಗೆಯ ಸುಲಭ ಓವನ್ನಿನಲ್ಲಿ ಇಲ್ಲ, ಬಾಟಲಿಯಲ್ಲೂ ಇಲ್ಲ. 'ಈ ಒಂದು ಟ್ರೇ ಇಂದಿನ ರಾತ್ರಿಯ ಊಟ' ಅಂತ ಮನೆಯವರೆಲ್ಲ ಒಪ್ಪುವುದರಲ್ಲಿ ಇದೆ. ಅಲ್ಲಿ ಟ್ರೇಯನ್ನು ಮೇಜಿನ ನಡುವೆ ಇಟ್ಟು, ರಸಕ್ಕೆ ಬ್ರೆಡ್ ಅದ್ದಿ ತಿಂದು ಏಳುತ್ತಾರೆ. ನಾವು ಟ್ರೇ ತಂದೆವು, ಒಪ್ಪಂದ ತರಲಿಲ್ಲ. ಆದ್ದರಿಂದ ನಾಲ್ಕು ಪಾತ್ರೆಯ ಅಡುಗೆಗೆ ಇದು ಐದನೆಯದಾಗಿ ಸೇರಿಕೊಂಡಿತು! ಸುಲಭದ ಅಡುಗೆ ಎಂದು ಪತ್ರಿಕೆಗಳಲ್ಲಿ ಓದಿದ್ದೆಲ್ಲ ನಮ್ಮ ಮನೆಗಳಲ್ಲಿ ಹೀಗೆಯೇ ಹೊಸ ಕೆಲಸವಾಗಿಬಿಡುತ್ತದೆ. ಮಿಕ್ಸಿ ಬಂದಾಗ ಕಡೆಯುವ ಕಲ್ಲು ಮೂಲೆ ಸೇರಿತು, ಆದರೆ ದಿನಕ್ಕೆ ಅರೆಯುವ ಮಸಾಲೆ ಎರಡಾಯಿತು. ನೆನಪಿದೆಯೇ?

ಹಾಗೆಂದು ಅಲ್ಲಿನವರೆಲ್ಲ ಸಮಾನತೆಯ ಸ್ವರ್ಗದಲ್ಲಿದ್ದರು ಎಂದು ನಾವು ಹೇಳುತ್ತಿಲ್ಲ. ಅಲ್ಲೂ ಟ್ರೇ ಜೋಡಿಸಿದ ಕೈ ಹೆಚ್ಚಾಗಿ ಹೆಂಗಸರದ್ದೇ. ವಯಸ್ಸಾದ ಅತ್ತೆಗೆ ಗಂಜಿ ಬೇಡವೆಂದೂ ನಾವು ಹೇಳುವುದಿಲ್ಲ. ಹೇಳುವುದಿಷ್ಟೆ: ಬ್ರೆಡ್ಡಿನ ಬದಲು ಕುಚ್ಚಿಲಕ್ಕಿ ಗಂಜಿ ಇರಲಿ, ಎಲ್ಲರಿಗೂ ಅದೇ ಇರಲಿ. ಸಾರು, ಪಲ್ಯ ವಾರದಲ್ಲಿ ಒಂದು ರಾತ್ರಿ ರಜೆ ತೆಗೆದುಕೊಳ್ಳಲಿ. ಶಾಲೆಗೆ ರಜೆ ಇದೆ, ಬ್ಯಾಂಕಿಗೆ ರಜೆ ಇದೆ, ಪಲ್ಯಕ್ಕೆ ಯಾಕಿಲ್ಲ?

2024ರಲ್ಲಿ ಕೇರಳದ ಮೂರನೇ ತರಗತಿಯ ಹೊಸ ಪಠ್ಯಪುಸ್ತಕದಲ್ಲಿ ಅಪ್ಪ ಅಡುಗೆಮನೆಯಲ್ಲಿ ಕುಳಿತು ತೆಂಗಿನಕಾಯಿ ತುರಿಯುವ ಚಿತ್ರ ಬಂತು. ಎಲ್ಲರೂ ಭೇಷ್ ಎಂದರು. ನಾವೂ ಎಂದೆವು. ಆದರೆ ತರಗತಿಯಲ್ಲಿ ಆ ಚಿತ್ರ ತೋರಿಸಿ, ಮನೆಗೆ ಬಂದು ನಾವೇ ನಾಲ್ಕು ಪಾತ್ರೆ ಒಲೆಗಿಟ್ಟರೆ ನಮ್ಮ ಮಕ್ಕಳು ಯಾವುದನ್ನು ನಂಬಬೇಕು? ಪುಸ್ತಕವನ್ನೇ, ಅಮ್ಮನನ್ನೇ?

ಈ ಅಡುಗೆಯಲ್ಲಿ ಹದ ತಪ್ಪುವ ಒಗ್ಗರಣೆ ಇಲ್ಲ, ಪಾಕ ಇಲ್ಲ. ಟೊಮೆಟೊ ಹೆಚ್ಚಲು ಏಳನೇ ಕ್ಲಾಸಿನ ಹುಡುಗನಿಗೆ ಬರುತ್ತದೆ. ಗಡಿಯಾರ ನೋಡಲು ಅವನ ಅಪ್ಪನಿಗೂ ಬರುತ್ತದೆ. ಬರುವ ಬುಧವಾರ ನೋಟ್ ಪುಸ್ತಕ ಹಿಡಿದು ನಾವು ಜಗಲಿಯಲ್ಲಿ ಕೂರುತ್ತೇವೆ. ಟ್ರೇ ಅವರು ತರಲಿ. "ಜೊತೆಗೆ ಬೇರೇನು?" ಎಂದು ಯಾರಾದರೂ ಕೇಳಿದರೆ ಉತ್ತರ ಈಗಲೇ ಕಲಿತಿಟ್ಟುಕೊಳ್ಳೋಣ: "ಬೇರೇನೂ ಇಲ್ಲ. ಇವತ್ತು ಇದೇ ಊಟ."

ಏನಂತೀರಿ?