ಹೆತ್ತವರಿಗೆ ಹೆತ್ತವರೇ ಪಾಠ ಹೇಳಲಿ

ಮಗುವಿಗೆ ಜ್ವರ ಬಂದರೆ ಓಣಿಗೆಲ್ಲ ತಿಳಿಯುತ್ತದೆ. ಪಕ್ಕದ ಮನೆಯಾಕೆ ಗಂಜಿ ತಂದುಕೊಡುತ್ತಾಳೆ; ಪಾಳಿಯ ಜೊತೆಗಾರ ಆಸ್ಪತ್ರೆಯ ತನಕ ಬರುತ್ತಾನೆ. ಅದೇ ಮಗುವಿನ ಮನಸ್ಸಿಗೆ ಕಾಯಿಲೆ ಬಂದರೆ ಮನೆಯವರೇ ಬಾಗಿಲು ಮುಚ್ಚಿಕೊಳ್ಳುತ್ತಾರೆ.

ಇಂಥ ಮನೆಗಳನ್ನು ನಾವು ಬಲ್ಲೆವು, ನಮ್ಮ ಓದುಗರೂ ಬಲ್ಲರು. ಹದಿನಾರರ ಮಗ ರಾತ್ರಿಯಿಡೀ ನಿದ್ದೆಯಿಲ್ಲದೆ ತನ್ನಷ್ಟಕ್ಕೆ ತಾನೇ ಮಾತಾಡುತ್ತಾನೆ. ಮಗಳು ಶಾಲೆ ಬಿಟ್ಟು, ಊಟ ಬಿಟ್ಟು ಮೂಲೆ ಹಿಡಿಯುತ್ತಾಳೆ. ತುಮಕೂರಿನ ಗಿರಣಿಯಲ್ಲಿ ದುಡಿಯುವ ತಂದೆ ರಜೆಗೆ ನಿಜವಾದ ಕಾರಣ ಹೇಳಲಾರ. ಗುಬ್ಬಿಯ ಅಂಗಡಿಯವನಿಗೆ ಗಿರಾಕಿಗಳು ಏನೆಂದಾರೋ ಎಂಬ ಅಂಜಿಕೆ. ಕುಣಿಗಲ್ಲಿನ ತಾಯಿಗೆ ದೊಡ್ಡ ಮಗಳ ಮದುವೆ ತಪ್ಪೀತೆಂಬ ಭಯ. ಮೊದಲು ತಾಯಿತ, ಆಮೇಲೆ ಹರಕೆ, ಆಮೇಲೆ ಸಾಲ, ಎಲ್ಲ ಮುಗಿದ ಮೇಲೆ ವೈದ್ಯರು. ಅಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

ಇದು ಯಾರೋ ಒಬ್ಬಿಬ್ಬರ ಹಣೆಬರಹವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರೋ ಮೂವರೋ ಆದರು. ಮಾನಸಿಕ ಕಾಯಿಲೆಗಳಲ್ಲಿ ಬಹುಪಾಲಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲವೆಂದೂ ಆ ಸಮೀಕ್ಷೆ ಹೇಳಿತು.

ವೈದ್ಯರ ಬಳಿ ಹೋದವರ ಪಾಡೇನು? ಸಾಲಿನಲ್ಲಿ ಅರ್ಧ ದಿನ, ವೈದ್ಯರೆದುರು ಕೆಲವು ನಿಮಿಷ. ಮಾತ್ರೆಯ ಚೀಟಿ ಕೈಗೆ ಬರುತ್ತದೆ. ಆದರೆ ಮಗ ಮಾತ್ರೆ ಉಗುಳಿದರೆ ಏನು ಮಾಡಬೇಕು, ನೆಂಟರು ಕೇಳಿದರೆ ಏನು ಹೇಳಬೇಕು, ರಾತ್ರಿ ಎರಡು ಗಂಟೆಗೆ ಅವನು ಬಾಗಿಲು ತೆಗೆದು ಹೊರಟರೆ ಹೇಗೆ ತಡೆಯಬೇಕು, ಇದಾವುದೂ ಚೀಟಿಯಲ್ಲಿ ಇರುವುದಿಲ್ಲ. ಇದನ್ನು ಬಲ್ಲವರು ಆ ದಾರಿಯಲ್ಲಿ ಮುಂಚೆ ನಡೆದ ಇನ್ನೊಬ್ಬ ತಾಯಿ, ಇನ್ನೊಬ್ಬ ತಂದೆ. ನಾವು ಕೆಲವು ವರ್ಷ ಮೇಷ್ಟ್ರ ಕೆಲಸ ಮಾಡಿದವರು. ನಿನ್ನೆ ತಾನೇ ಲೆಕ್ಕ ಕಲಿತ ಹುಡುಗ ಪಕ್ಕದವನಿಗೆ ನಮಗಿಂತ ಚೆನ್ನಾಗಿ ಹೇಳಿಕೊಡುವುದನ್ನು ಎಷ್ಟೋ ಸಲ ಕಂಡಿದ್ದೇವೆ. ಎಲ್ಲಿ ಎಡವುತ್ತೇವೆಂಬುದು ಅವನಿಗೆ ಇನ್ನೂ ನೆನಪಿರುತ್ತದೆ.

ಇದು ಹೊಸ ಕಲ್ಪನೆಯೇನೂ ಅಲ್ಲ. 1950ರ ದಶಕದಲ್ಲಿಯೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡು, ಅವರನ್ನು ಚಿಕಿತ್ಸೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. ಬೆಂಗಳೂರಿನಲ್ಲಿ ರೋಗಿಗಳ ಮನೆಯವರೇ ಸೇರಿ 1990ರ ದಶಕದಲ್ಲಿ ‘ಅಮೆಂಡ್’ ಎಂಬ ಸಂಘ ಕಟ್ಟಿಕೊಂಡರು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಜಾಯ್ಸ್ ಬರ್ಲಂಡ್ ಎಂಬ ಮನಶ್ಶಾಸ್ತ್ರಜ್ಞೆ, ತಮ್ಮ ಕುಟುಂಬದಲ್ಲೇ ಈ ಕಾಯಿಲೆಯನ್ನು ಕಂಡವರು, 1991ರಲ್ಲಿ 12 ವಾರಗಳ ಪಾಠಕ್ರಮವೊಂದನ್ನು ರಚಿಸಿದರು. ಅಲ್ಲಿ ಪಾಠ ಹೇಳುವವರು ವೈದ್ಯರಲ್ಲ, ತರಬೇತಿ ಪಡೆದ ಕುಟುಂಬದವರೇ. ಮೇರಿಲ್ಯಾಂಡ್ ರಾಜ್ಯದಲ್ಲಿ 300ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಪಾಠ ಕೇಳಿದವರಿಗೆ ತಿಳಿವಳಿಕೆಯೂ ನಿಭಾಯಿಸುವ ಶಕ್ತಿಯೂ ಹೆಚ್ಚಿತೆಂದು ತೋರಿಸಿತು.

ಹಾಗಾದರೆ ಏನನ್ನು ಕಲಿಸಬೇಕು? ಇದು ತಾಯಿ ಬೆಳೆಸಿದ ತಪ್ಪಲ್ಲ, ಪೂರ್ವಜನ್ಮದ ಪಾಪವಲ್ಲ, ಗಾಳಿ ಸೋಂಕೂ ಅಲ್ಲ, ಕಾಯಿಲೆ ಎಂಬುದು ಮೊದಲ ಪಾಠ. ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದೆಂಬುದು ಎರಡನೆಯದು. ನಿದ್ದೆ ತಪ್ಪುವುದು, ಅನುಮಾನ ಹೆಚ್ಚುವುದು, ಜನರಿಂದ ದೂರವಾಗುವುದು, ಇವು ಕಾಯಿಲೆ ಮರುಕಳಿಸುವ ಮುನ್ಸೂಚನೆಯಾಗಿರಬಹುದು. ಮದುವೆ ಮಾಡಿದರೆ ಸರಿಹೋಗುತ್ತದೆಂಬ ಮಾತು ಎರಡು ಮನೆಗಳನ್ನು ಕೆಡಿಸುತ್ತದೆ. ಸಾಯುತ್ತೇನೆಂದು ಮಗು ಹೇಳಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ ಕೂಡಲೇ ನೆರವು ಕರೆಯಬೇಕು. ಸರ್ಕಾರದ ‘ಟೆಲಿ ಮಾನಸ್’ ದೂರವಾಣಿ, ಸಂಖ್ಯೆ 14416, ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ. ನೋಡಿಕೊಳ್ಳುವವರೂ ಸರದಿಯ ಮೇಲೆ ಮಲಗಬೇಕು. ತಾಯಿ ಕುಸಿದರೆ ಮನೆಯೇ ಕುಸಿಯುತ್ತದೆ.

ಕಟ್ಟಿಹಾಕಬಾರದೆಂಬ ಪಾಠವನ್ನು ಬೇರೆಯಾಗಿಯೇ ಹೇಳಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಹತ್ತಿದಾಗ 28 ಮಂದಿ ಸತ್ತರು. ಸರಪಳಿ ಬಿಗಿದಿದ್ದರಿಂದ ಓಡಲಾರದೆ ಬೆಂದರು. ಅವರನ್ನು ಅಲ್ಲಿ ಬಿಟ್ಟುಬಂದ ಮನೆಯವರೆಲ್ಲ ಕಟುಕರಾಗಿರಲಿಲ್ಲ; ಬೇರೆ ದಾರಿ ತೋರಿಸುವವರು ಅವರಿಗಿರಲಿಲ್ಲ.

ಹೆತ್ತವರು ಹೆತ್ತವರಿಗೆ ಕಲಿಸಲಿ ಎಂದಾಗ ಸರ್ಕಾರ ಕೈತೊಳೆದುಕೊಳ್ಳಲಿ ಎಂದು ನಾವು ಹೇಳುತ್ತಿಲ್ಲ. ಪಾಠ ಮಾತ್ರೆಗೆ ಬದಲಿಯಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಸರ್ಕಾರಿ ಚಿಕಿತ್ಸೆಯನ್ನು ಹಕ್ಕೆಂದು ಘೋಷಿಸಿದೆ. ಇತರ ಕಾಯಿಲೆಗಳಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಕಂಪೆನಿಗಳಿಗೆ ವಿಧಿಸಿದೆ. ವಿಮೆ ಮಾಡಿಸಿರುವ ವ್ಯಾಪಾರಿಗಳು ಇದನ್ನು ನೆನಪಿಡಬೇಕು. ಕರ್ನಾಟಕ ಸರ್ಕಾರ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಯೋಜನೆಯನ್ನು ತಂದಿತು. ನಮ್ಮ ಜಿಲ್ಲೆಯ ತುರುವೇಕೆರೆಯಲ್ಲಿ ನಿಮ್ಹಾನ್ಸ್ ವೈದ್ಯರು ಸ್ಕಿಜೋಫ್ರೇನಿಯಾ ರೋಗಿಗಳನ್ನು ಊರುಗಳಲ್ಲೇ ಗುರುತಿಸಿ ಚಿಕಿತ್ಸೆ ಕೊಟ್ಟಿದ್ದಾರೆ. ತುರುವೇಕೆರೆಯಲ್ಲಿ ಆದದ್ದು ಗುಬ್ಬಿ, ಕುಣಿಗಲ್ಲುಗಳಲ್ಲೂ ಆಗಬಲ್ಲದು. ವೈದ್ಯರು ತಪ್ಪದೆ ಬರುತ್ತಾರೆಯೇ, ಮಾತ್ರೆ ದಾಸ್ತಾನಿದೆಯೇ ಎಂದು ಹತ್ತು ಮಂದಿ ತಂದೆತಾಯಿಗಳು ಒಟ್ಟಾಗಿ ಕೇಳಿದರೆ ಉತ್ತರ ಕೊಡದಿರುವುದು ಕಷ್ಟ. ಒಬ್ಬನೇ ಹೋಗಿ ಕೇಳಿದರೆ ‘ನಾಳೆ ಬಾ’ ಎನ್ನುತ್ತಾರೆ. ಕಾರ್ಮಿಕ ಬಂಧುಗಳಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು. ತುಮಕೂರು, ಗುಬ್ಬಿ, ಕುಣಿಗಲ್ಲುಗಳಲ್ಲಿ ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ತಿಂಗಳಿಗೆ ಎರಡು ಭಾನುವಾರ ಒಂದು ಕೊಠಡಿ ಬಿಟ್ಟುಕೊಡಲಿ. ಹೊರಗೆ ಫಲಕ ಬೇಡ, ಹೆಸರು ಬರೆಯುವ ಪುಸ್ತಕವೂ ಬೇಡ. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಅನುಭವಸ್ಥ ತಂದೆತಾಯಿಗಳಿಗೆ ತರಬೇತಿ ಕೊಡಲಿ, ಅವರ ಬಸ್ ಖರ್ಚನ್ನೂ ಆ ದಿನದ ಕೂಲಿಯನ್ನೂ ಭರಿಸಲಿ. ಕೂಲಿ ಕಳೆದುಕೊಂಡು ಪಾಠ ಹೇಳಿರೆಂದು ಬಡವರನ್ನು ಕೇಳುವುದು ನ್ಯಾಯವಲ್ಲ.

ಮೊದಲನೆಯ ಭಾನುವಾರ ಬಹುಶಃ ಇಬ್ಬರೇ ಬಂದಾರು. ಬರಲಿ. ಈ ಕಷ್ಟ ತನ್ನ ಮನೆಗೊಂದಕ್ಕೇ ಬಂದದ್ದಲ್ಲವೆಂದು ಒಬ್ಬ ತಾಯಿಗೆ ತಿಳಿದರೂ ಆ ಕೊಠಡಿಯ ಬಾಗಿಲು ತೆರೆದದ್ದು ಸಾರ್ಥಕ.