ತೇಲುವ ಮನೆಗೊಂದು ಯಂತ್ರ

ಮಕ್ಕಳಿಗೆಂದು ತೆಗೆದ ಚಿತ್ರದಲ್ಲಿ ಎಪ್ಪತ್ತೆಂಟು ವರ್ಷದ ವೃದ್ಧನೊಬ್ಬನು ನಾಯಕನಾಗುವುದು ಅಪರೂಪ. ಅಮೆರಿಕದ ಪಿಕ್ಸಾರ್ ಸಂಸ್ಥೆಯವರು ೨೦೦೯ರಲ್ಲಿ ಹೊರತಂದ ‘ಅಪ್’ ಎಂಬ ಅನಿಮೇಷನ್ ಚಿತ್ರದ ಕಾರ್ಲ್ ಫ್ರೆಡ್ರಿಕ್‌ಸನ್ ಅಂಥ ನಾಯಕ. ಬಲೂನು ಮಾರುವುದು ಅವನ ಕಸುಬಾಗಿತ್ತು. ದಕ್ಷಿಣ ಅಮೆರಿಕದ ಜಲಪಾತವೊಂದರ ಬಳಿಗೆ ಹೋಗಬೇಕೆಂಬುದು ಅವನಿಗೂ ಅವನ ಹೆಂಡತಿಗೂ ಬಾಲ್ಯದಿಂದಲೇ ಇದ್ದ ಆಸೆ. ಸಂಸಾರದ ಖರ್ಚುವೆಚ್ಚಗಳಲ್ಲಿ ಪ್ರಯಾಣವು ವರ್ಷದಿಂದ ವರ್ಷಕ್ಕೆ ಮುಂದೆ ಬಿದ್ದು, ಕೊನೆಗೆ ಆಕೆಯೇ ತೀರಿಕೊಳ್ಳುತ್ತಾಳೆ. ಆ ಬಳಿಕ ಮುದುಕನು ಸಹಸ್ರಾರು ಬಲೂನುಗಳನ್ನು ಕಟ್ಟಿ, ತಾನು ಬಾಳಿದ ಮನೆಯನ್ನೇ ಆಕಾಶಕ್ಕೇರಿಸಿ ಹೊರಟುಬಿಡುತ್ತಾನೆ.

ಈ ಕಥೆಯನ್ನು ಆಧರಿಸಿ ವಿನೋದೋದ್ಯಾನವೊಂದರಲ್ಲಿ ಹೊಸ ಸವಾರಿಯನ್ನು ಕಟ್ಟುವುದಾದರೆ ಅದು ಹೇಗಿರಬೇಕು? ತರಗತಿ ಮುಗಿದ ಮೇಲೆ ನಮ್ಮ ವಿದ್ಯಾರ್ಥಿಗಳು ಎತ್ತಿದ ಪ್ರಶ್ನೆಯಿದು. ಅವರ ಉತ್ತರವೂ ಸಿದ್ಧವಾಗಿತ್ತು: ಕತ್ತಲ ಕೋಣೆ, ಸುತ್ತಲೂ ತೆರೆ, ಕುಲುಕುವ ಆಸನಗಳು, ಚಿತ್ರದ ಕೊನೆಯಲ್ಲಿ ಬರುವ ವಾಯುನೌಕೆಯ ಕಾಳಗ, ನಡುವೆ ಎರಡು ಬಾರಿ ಧುತ್ತೆಂದು ಪತನ. ನಮ್ಮ ಅಭಿಪ್ರಾಯ ಬೇರೆ. ಅದಕ್ಕೆ ಕಾರಣ ಭೌತವಿಜ್ಞಾನ ಮಾತ್ರವಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಮನೆಮಂದಿಯೊಡನೆ ಒಂದು ವಿನೋದೋದ್ಯಾನಕ್ಕೆ ಹೋಗಿದ್ದೆವು. ಪ್ರತಿಯೊಂದು ದೊಡ್ಡ ಸವಾರಿಯ ಬಾಗಿಲಲ್ಲಿಯೂ ಒಂದು ಫಲಕ: ಹೃದಯರೋಗವುಳ್ಳವರು, ರಕ್ತದೊತ್ತಡವುಳ್ಳವರು, ಬೆನ್ನುನೋವಿನವರು, ವಯಸ್ಸಾದವರು ಹತ್ತಕೂಡದು. ಫಲಕದಲ್ಲಿ ತಪ್ಪೇನೂ ಇರಲಿಲ್ಲ. ಆ ಯಂತ್ರಗಳಿಗೆ ಅದು ಅವಶ್ಯವೇ. ನಮ್ಮ ತಾಯಿಯವರು ದಿನವೆಲ್ಲ ಕಲ್ಲುಬೆಂಚಿನ ಮೇಲೆ ಎಲ್ಲರ ಚೀಲ, ಚಪ್ಪಲಿ, ಕನ್ನಡಕಗಳನ್ನು ಕಾಯುತ್ತ ಕುಳಿತಿದ್ದರು. ಅತ್ಯಂತ ಎತ್ತರದ ಸವಾರಿಯಿಂದ ನಾವು ಇಳಿದು ಬಂದಾಗ ಅವರು ಕೇಳಿದ್ದು ಒಂದೇ ಮಾತು: “ಮೇಲಿಂದ ಏನು ಕಾಣಿಸಿತಪ್ಪ?” ನಮ್ಮಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದೆವು.

ಎಪ್ಪತ್ತೆಂಟರ ವೃದ್ಧನ ಕಥೆಯ ಮೇಲೆ ಕಟ್ಟಿದ ಸವಾರಿಯ ಬಾಗಿಲಲ್ಲಿ ಆ ವೃದ್ಧನಿಗೇ ಪ್ರವೇಶವಿಲ್ಲವೆಂಬ ಫಲಕ ತೂಗುವುದಾದರೆ ಆ ಸವಾರಿಯನ್ನು ಕಟ್ಟದಿರುವುದೇ ಲೇಸು. ಸೌಮ್ಯವಾದ ಸವಾರಿಗೆ ಜನ ಬರುವುದಿಲ್ಲವೆಂಬ ಆಕ್ಷೇಪಣೆ ನಿಲ್ಲತಕ್ಕದ್ದಲ್ಲ. ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್ ೧೯೫೫ರ ಜುಲೈಯಲ್ಲಿ ತೆರೆದಾಗಲೇ, ೧೯೫೩ರ ‘ಪೀಟರ್ ಪ್ಯಾನ್’ ಚಿತ್ರವನ್ನು ಆಧರಿಸಿದ ಸವಾರಿಯೊಂದು ಅಲ್ಲಿತ್ತು. ಪುಟ್ಟ ಹಡಗುಗಳನ್ನು ನೆಲದ ಹಳಿಯ ಮೇಲೆ ಓಡಿಸದೆ ತಲೆಯ ಮೇಲಿನ ಹಳಿಯಿಂದ ತೂಗುಹಾಕಿದರು. ಕೆಳಗೆ ರಾತ್ರಿಯ ಲಂಡನ್ ನಗರದ ದೀಪಗಳು. ಹಾರಿದ ಅನುಭವಕ್ಕೆ ಅಷ್ಟೇ ಸಾಕಾಯಿತು. ಇಷ್ಟು ದಶಕಗಳ ಮೇಲೆಯೂ ಅದರ ಮುಂದೆ ಜನರ ಸಾಲು ಕರಗಿಲ್ಲ.

ಇನ್ನು ಬಲೂನುಗಳ ವಿಷಯ. ಒಂದು ಲೀಟರ್ ಗಾಳಿಯ ತೂಕ ಸುಮಾರು ೧.೨ ಗ್ರಾಮ್, ಅಷ್ಟೇ ಹೀಲಿಯಮ್ ಅನಿಲದ ತೂಕ ೦.೧೭ ಗ್ರಾಮ್. ಆರ್ಕಿಮಿಡೀಸನ ತತ್ತ್ವದ ಪ್ರಕಾರ ಒಂದು ಲೀಟರ್ ಹೀಲಿಯಮ್ ಎತ್ತಬಲ್ಲದ್ದು ಸುಮಾರು ಒಂದು ಗ್ರಾಮನ್ನು. ಮೂವತ್ತು ಸೆಂಟಿಮೀಟರ್ ವ್ಯಾಸದ ಬಲೂನಿನಲ್ಲಿ ಹದಿನಾಲ್ಕು ಲೀಟರ್ ಹಿಡಿಯುತ್ತದೆ. ರಬ್ಬರಿನ ಮತ್ತು ದಾರದ ತೂಕವನ್ನು ಕಳೆದರೆ ಉಳಿಯುವುದು ಹತ್ತು ಗ್ರಾಮ್ ಎನ್ನೋಣ. ಮನೆಯು ನೆಲ ಬಿಡುವ ದೃಶ್ಯದಲ್ಲಿ ಚಿತ್ರಕಾರರು ರಚಿಸಿದ ಬಲೂನುಗಳು ೨೦,೬೨೨. ಅವೆಲ್ಲವೂ ಸೇರಿ ಎತ್ತುವುದು ಎರಡು ಕ್ವಿಂಟಲ್‌ಗಿಂತ ತುಸು ಹೆಚ್ಚು, ಎಂದರೆ ಮೂವರು ಮನುಷ್ಯರನ್ನು. ನಲವತ್ತು ಟನ್ನಿನ ಮರದ ಮನೆಗೆ ನಲವತ್ತು ಲಕ್ಷ ಬಲೂನುಗಳಾದರೂ ಬೇಕು. ೨೦೧೧ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ವಾಹಿನಿಯವರು ಇದನ್ನು ಕಣ್ಣಾರೆ ತೋರಿಸಿದರು. ಎಂಟೆಂಟು ಅಡಿಯ ಮುನ್ನೂರು ಬಲೂನುಗಳನ್ನು ಕಟ್ಟಿ, ಹದಿನಾರು ಅಡಿ ಉದ್ದ ಹದಿನಾರು ಅಡಿ ಅಗಲದ ಮನೆಯೊಂದನ್ನು ಹತ್ತು ಸಾವಿರ ಅಡಿಗೂ ಮೇಲಕ್ಕೆ ಏರಿಸಿದರು. ಆದರೆ ಅದು ಅದಕ್ಕೆಂದೇ ಹಗುರವಾಗಿ ಕಟ್ಟಿದ ಮನೆ.

ದಿನಕ್ಕೆ ನೂರು ಬಾರಿ ಏರಿಳಿಯಬೇಕಾದ ಸವಾರಿಗೆ ಹೀಲಿಯಮನ್ನು ಬಳಸುವುದು ಅನ್ಯಾಯವೇ ಸರಿ. ಭೂಗರ್ಭದಲ್ಲಿ ಯುರೇನಿಯಮ್, ಥೋರಿಯಮ್‌ಗಳು ಕ್ಷಯಿಸುತ್ತ ಕೋಟ್ಯಂತರ ವರ್ಷಗಳಲ್ಲಿ ಕೂಡಿಟ್ಟ ಅನಿಲವದು. ಒಮ್ಮೆ ಕೈಬಿಟ್ಟರೆ ವಾಯುಮಂಡಲದ ತುದಿಯನ್ನು ದಾಟಿ ಹೊರಟೇಹೋಗುತ್ತದೆ. ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳ ಕಾಂತಗಳನ್ನು ಶೂನ್ಯಕ್ಕಿಂತ ೨೬೯ ಡಿಗ್ರಿ ಕೆಳಗೆ ತಣ್ಣಗಿಡುವ ದ್ರವವೂ ಅದೇ. ಸವಾರಿಯ ಬಲೂನುಗಳು ಅಲಂಕಾರಕ್ಕಿರಲಿ; ಅವುಗಳಲ್ಲಿ ಬರಿಯ ಗಾಳಿಯಿರಲಿ.

ಹಾಗಾದರೆ ಮನೆಯನ್ನು ಎತ್ತುವುದು ಯಾವುದು? ಚಿತ್ರದ ಉತ್ತಮ ಘಟ್ಟವೊಂದರಲ್ಲಿ ಉತ್ತರವಿದೆ. ಬಲೂನುಗಳು ಕಡಿಮೆಯಾಗಿ ಮನೆಯು ಮೇಲೇಳದೆ ಕುಳಿತಾಗ, ಕಾರ್ಲ್ ತಾನು ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ಪೀಠೋಪಕರಣಗಳನ್ನು ಒಂದೊಂದಾಗಿ ಹೊರಕ್ಕೆಸೆಯುತ್ತಾನೆ. ಅವನ ಕುರ್ಚಿ, ಅವಳ ಕುರ್ಚಿ ಎರಡೂ ಬಂಡೆಯ ಮೇಲೆ ಜೊತೆಯಾಗಿ ಉಳಿಯುತ್ತವೆ, ಮನೆ ಏಳುತ್ತದೆ. ನಮ್ಮ ಸವಾರಿಯ ತಿರುಳು ಇದೇ. ಒಳಗೆ ಕುಳಿತವರು ಏನನ್ನಾದರೂ ಬಿಟ್ಟುಕೊಟ್ಟ ಹೊರತು ಈ ಮನೆ ಮೇಲೇಳಕೂಡದು.

ಯಂತ್ರವು ಸರಳವಾದದ್ದು. ಎತ್ತರದ ಗೋಪುರದಲ್ಲಿ ಒಂದು ರಾಟೆ. ಹಗ್ಗದ ಒಂದು ತುದಿಗೆ ಇಪ್ಪತ್ತು ಜನ ಹಿಡಿಯುವ ಕೋಣೆ, ಇನ್ನೊಂದು ತುದಿಗೆ ಸಮತೂಕದ ಪ್ರತಿಭಾರ. ನಮ್ಮ ಹಳ್ಳಿಯ ಏತದ ಹಿಂತುದಿಗೆ ಕಟ್ಟುವ ಕಲ್ಲಿನ ಕೆಲಸವೂ ಇಂಥದೇ. ಎರಡೂ ಕಡೆ ಆರಾರು ಟನ್ ಇರಲಿ. ಕೋಣೆಯಲ್ಲಿರುವವರು ಅರವತ್ತು ಕಿಲೋಗ್ರಾಮಿನ ಸೋಫಾವನ್ನು ಹಿಂಬಾಗಿಲಿನ ಜಾರುದಾರಿಗೆ ತಳ್ಳಿದರೆ, ಒಟ್ಟು ಹನ್ನೆರಡು ಟನ್ನಿಗೆ ಎಳೆಯುವ ಬಲವಾಗಿ ದೊರೆಯುವುದು ಅರವತ್ತು ಕಿಲೋಗ್ರಾಮಿನ ತೂಕ. ವೇಗೋತ್ಕರ್ಷವು ಗುರುತ್ವದ ಇನ್ನೂರರಲ್ಲಿ ಒಂದು ಪಾಲು, ಎಂದರೆ ಸೆಕೆಂಡಿಗೆ ಸೆಕೆಂಡಿಗೆ ಐದು ಸೆಂಟಿಮೀಟರ್. ಅರವತ್ತು ಕಿಲೋಗ್ರಾಮ್ ತೂಗುವವರು ಆ ಕ್ಷಣ ತಕ್ಕಡಿಯ ಮೇಲೆ ನಿಂತಿದ್ದರೆ ಮುನ್ನೂರು ಗ್ರಾಮ್ ಹೆಚ್ಚು ತೋರೀತು, ಅಷ್ಟೆ. ದುರ್ಬಲ ಹೃದಯಕ್ಕೂ ಇದು ಭಾರವಲ್ಲ. ದೇಹಕ್ಕೆ ಏನೂ ತಿಳಿಯದೆ, ಕಿಟಕಿಯಾಚೆಯ ನೆಲವೇ ಕೆಳಕ್ಕೆ ಜಾರಿದಂತೆ ತೋರುವುದು. ರೈಲು ನಿಲ್ದಾಣದಲ್ಲಿ ಪಕ್ಕದ ಗಾಡಿ ಹೊರಟಾಗ ನಮ್ಮ ಗಾಡಿಯೇ ಹೊರಟಿತೆಂದು ಭ್ರಮಿಸಿದವರಿಗೆ ಇದರ ಸೊಗಸು ಗೊತ್ತು. ಬಲೂನು ಏರುವುದೂ ಹೀಗೆಯೇ.

ಆದರೆ ಏರತೊಡಗಿದ ಮನೆ ನಿಲ್ಲುವುದೆಲ್ಲಿ? ಬಲೂನಿನ ಚರಿತ್ರೆಯಲ್ಲಿ ಈ ಪ್ರಶ್ನೆ ಬೇಗನೆ ಎದುರಾಯಿತು. ೧೭೮೩ರ ಡಿಸೆಂಬರ್ ೧ರಂದು ಪ್ಯಾರಿಸ್ಸಿನಲ್ಲಿ ಜಲಜನಕದ ಬಲೂನಿನಲ್ಲಿ ಇಬ್ಬರು ಹಾರಿದರು. ಅವರಲ್ಲೊಬ್ಬನು ಅನಿಲನಿಯಮದ ಮೂಲಕ ನಿಮಗೆಲ್ಲ ಪರಿಚಿತನಾದ ಷಾರ್ಲ್ (ಪಠ್ಯಪುಸ್ತಕಗಳಲ್ಲಿ ಇವನು ಚಾರ್ಲ್ಸ್ ಆಗಿಬಿಟ್ಟಿದ್ದಾನೆ). ಇಳಿದ ಮೇಲೆ ಜೊತೆಗಾರನು ಹೊರಬಂದನು. ಷಾರ್ಲ್ ಒಬ್ಬನೇ ಮತ್ತೆ ಮೇಲಕ್ಕೆ ಹೊರಟನು. ಒಬ್ಬ ಮನುಷ್ಯನ ತೂಕ ಕಳೆದಿತ್ತು; ಬಲೂನು ಸರ್ರನೆ ಸುಮಾರು ಮೂರು ಸಾವಿರ ಮೀಟರ್ ಏರಿತು. ಮುಳುಗಿದ್ದ ಸೂರ್ಯನು ಮತ್ತೆ ಕಂಡನು. ಕಿವಿಯಲ್ಲಿ ಅಸಾಧ್ಯವಾದ ನೋವು. ಆಮೇಲೆ ಆತನು ಎಂದೂ ಹಾರಲಿಲ್ಲ.

ಪರಿಹಾರವನ್ನು ಕಂಡವನು ಇಂಗ್ಲೆಂಡಿನ ಚಾರ್ಲ್ಸ್ ಗ್ರೀನ್. ಲಂಡನ್ನಿನ ವಾಕ್ಸ್‌ಹಾಲ್ ಎಂಬ ಅಂದಿನ ವಿನೋದೋದ್ಯಾನದಿಂದಲೇ ೧೮೩೬ರ ನವೆಂಬರಿನಲ್ಲಿ ಹೊರಟು ಜರ್ಮನಿಯ ನಸ್ಸೌ ಪ್ರಾಂತವನ್ನು ಮುಟ್ಟಿದವನು. ಬಲೂನಿನಿಂದ ಉದ್ದನೆಯ ಭಾರವಾದ ಹಗ್ಗವನ್ನು ನೆಲದವರೆಗೆ ಇಳಿಬಿಡುವುದು ಅವನ ಉಪಾಯ. ಬಲೂನು ಏರಿದರೆ ನೆಲದ ಮೇಲೆ ಮಲಗಿದ್ದ ಹಗ್ಗವನ್ನೂ ಎತ್ತಬೇಕು, ಭಾರ ಹೆಚ್ಚುತ್ತದೆ. ಇಳಿದರೆ ಹಗ್ಗ ನೆಲಕ್ಕೊರಗಿ ಭಾರ ಕಡಿಮೆಯಾಗುತ್ತದೆ. ನಮ್ಮ ಕೋಣೆಯ ಅಡಿಗೂ ಒಂದು ಸರಪಳಿ ಇರಲಿ, ಮೀಟರಿಗೆ ಆರು ಕಿಲೋಗ್ರಾಮ್ ತೂಕದ್ದು. ಸೋಫಾ ಹೊರಬಿದ್ದರೆ ಮನೆಯು ಹತ್ತು ಮೀಟರ್ ಎತ್ತರದಲ್ಲಿ ಸಮತೋಲಕ್ಕೆ ಬರುತ್ತದೆ. ಒಡನೆಯೇ ನಿಲ್ಲದೆ ಮೇಲಕ್ಕೂ ಕೆಳಕ್ಕೂ ನಿಧಾನವಾಗಿ ತೂಗಾಡುವುದು. ಒಂದು ತೂಗಿಗೆ ಸುಮಾರು ಒಂದೂವರೆ ನಿಮಿಷ ಹಿಡಿಯುತ್ತದೆಯೆಂದು ಸರಳ ಸಂಗತ ಚಲನೆಯನ್ನು ಓದಿದ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಆ ತೂಗಾಟವನ್ನು ಹಿಡಿತದಲ್ಲಿಡಲು ಎಣ್ಣೆಯ ತಡೆಗಳು ಬೇಕು. ಅದು ಎಂಜಿನಿಯರರ ಕೆಲಸ.

ಒಂದು ಎಚ್ಚರಿಕೆ: ಕೋಣೆಯೊಳಗೆ ಬೀಸಣಿಗೆ ಹಾಕಿ ಮುಖಕ್ಕೆ ಗಾಳಿ ಹೊಡೆಸಕೂಡದು. ಬಲೂನು ಗಾಳಿಯೊಡನೆಯೇ ತೇಲುವುದರಿಂದ ಅದರಲ್ಲಿ ಕುಳಿತವರಿಗೆ ಗಾಳಿ ತಾಕುವುದಿಲ್ಲ. ಬಾವುಟ ಕಟ್ಟಿದರೆ ಜೋತುಬೀಳುತ್ತದೆ. ಚಿತ್ರದಲ್ಲಿ ಕಾರ್ಲ್ ಮನೆಗೆ ಹಾಯಿ ಬಿಚ್ಚಿ ದಿಕ್ಕು ತಿರುಗಿಸುತ್ತಾನೆ. ಕಥೆಗೆ ಅದು ಒಪ್ಪಬಹುದು, ಭೌತವಿಜ್ಞಾನಕ್ಕೆ ಒಪ್ಪದು. ನಮಗೆ ಬೇಕಾದದ್ದು ಆ ನಿಶ್ಶಬ್ದ.

ಇಷ್ಟನ್ನೂ ಕೇಳಿದ ಮೇಲೆ ಒಬ್ಬ ವಿದ್ಯಾರ್ಥಿ, “ಸಾರ್, ಇದು ಲಿಫ್ಟ್ ಅಲ್ಲವೇ?” ಎಂದನು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಪ್ರಶ್ನೆ ಸರಿಯಾದದ್ದೇ. ಲಿಫ್ಟಿಗೂ ಪ್ರತಿಭಾರವುಂಟು. ಅಲ್ಲಿ ಗುಂಡಿ ಒತ್ತಿದರೆ ಮೋಟಾರು ಎಳೆಯುತ್ತದೆ. ಇಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಇಪ್ಪತ್ತು ಜನ ಅಪರಿಚಿತರು ಕೂಡಿ ತೀರ್ಮಾನಿಸಬೇಕು. ಬಿಟ್ಟಷ್ಟಕ್ಕೆ ಲೆಕ್ಕ ತಪ್ಪದೆ ಮೇಲೇರಬೇಕು. ಇಳಿಯುವುದಕ್ಕೂ ಮೋಟಾರು ಬೇಡ. ಬಿಸಾಡಿದ ಪ್ರತಿಯೊಂದು ಕಿಲೋಗ್ರಾಮಿಗೆ ಒಂದು ಲೀಟರಿನಂತೆ ನೆಲದಡಿಯ ತೊಟ್ಟಿಗೆ ನೀರು ಬಿಟ್ಟರಾಯಿತು. ಇದು ಬರಿಯ ಕನಸಲ್ಲ. ಇಂಗ್ಲೆಂಡಿನ ಲಿಂಟನ್, ಲಿನ್‌ಮತ್ ಊರುಗಳ ನಡುವಣ ಕಡಿದಾದ ಗುಡ್ಡದಲ್ಲಿ ೧೮೯೦ರಿಂದ ಓಡುತ್ತಿರುವ ರೈಲುಬಂಡಿಗಳು ನೀರಿನ ತೂಕದಿಂದಲೇ ಏರಿಳಿಯುತ್ತವೆ. ಹೊರಡುವ ಮುನ್ನ ಸವಾರರ ತೂಕವನ್ನು ಸರಿದೂಗಿಸುವುದಕ್ಕೂ ಆ ತೊಟ್ಟಿಯೇ ಸಾಕು. ಮಗು ಹತ್ತಲಿ, ಅಜ್ಜಿ ಹತ್ತಲಿ, ನೀರು ತುಸು ಹೆಚ್ಚು ಕಡಮೆಯಾಗುವುದು ಅಷ್ಟೆ.

ಸೋಫಾ, ಬೀರು, ಗೋಡೆಯ ಗಡಿಯಾರ ಎಲ್ಲ ಸೇರಿ ನೂರ ಎಂಬತ್ತು ಕಿಲೋಗ್ರಾಮ್ ಹೊರಬಿದ್ದರೆ ಮನೆಯು ಮೂವತ್ತು ಮೀಟರ್ ಎತ್ತರದಲ್ಲಿ ನಿಲ್ಲುತ್ತದೆ. ನೆಲದ ಮೇಲೆ ನಿಂತವರಿಗೆ ಬಯಲಿನಲ್ಲಿ ಕ್ಷಿತಿಜವು ನಾಲ್ಕೂವರೆ ಕಿಲೋಮೀಟರ್ ದೂರ. ಅಷ್ಟು ಎತ್ತರದಿಂದ ಸುಮಾರು ಇಪ್ಪತ್ತು. ಅಲ್ಲಿ ಐದು ನಿಮಿಷವಾದರೂ ಮನೆಯನ್ನು ನಿಲ್ಲಿಸಬೇಕು. ಕಿಟಕಿಗಳು ಕುಳಿತವರ ಕಣ್ಣಿನ ಮಟ್ಟಕ್ಕಿರಬೇಕು. ಚೀಲಗಳನ್ನು ಕೋಣೆಯೊಳಗೇ ಇಟ್ಟುಕೊಳ್ಳಬಹುದು, ಅವುಗಳ ತೂಕಕ್ಕೂ ತೊಟ್ಟಿಯಲ್ಲಿ ಲೆಕ್ಕವಿದೆ. ಕನ್ನಡಕವನ್ನು ತೆಗೆಯಬೇಕಾದ್ದಿಲ್ಲ.