ನಮ್ಮ ಮಾರಿ ಹಸಿರಲ್ಲ

ಹೋದ ಚಳಿಗಾಲದಲ್ಲಿ ಶಿರವಾಳದ ಹೊಲಗಳಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಬಗ್ಗೆ ಏಳು ನಿಮಿಷದ ಒಂದು ವಿಡಿಯೊ ಮಾಡಿದ್ದೆ. ನಮ್ಮ ಕಡೆ ನಡೆದ ಒಂದು ಕಾರ್ಯಕ್ರಮದಲ್ಲಿ ಅದನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತೇವೆ ಅಂದರು. ವಿಡಿಯೊದಲ್ಲಿದ್ದ ಹೆಣ್ಣುಮಕ್ಕಳನ್ನೇ ಮುಂದಿನ ಸಾಲಿನಲ್ಲಿ ಕೂರಿಸಿದ್ದೂ ಆಯಿತು. ಲೈಟ್ ಆರಿತು, ಚಿತ್ರ ಬಂತು. ಬಂದದ್ದು ನಾನು ತೆಗೆದ ಚಿತ್ರ ಅಲ್ಲ. ಹತ್ತಿ ಟ್ಯೂಬ್‌ಲೈಟ್ ಥರ ಉರಿಯುತ್ತಿತ್ತು, ಒಂದು ಎಳೆಯೂ ಕಾಣುತ್ತಿರಲಿಲ್ಲ. ಎರಿ ಹೊಲದ ಕರಿ ಮಣ್ಣು ಬೂದಿಯ ಹಾಗಿತ್ತು. ಮುಖಗಳಿಗೆ ಮಾತ್ರ ಹಸಿರು, ಕಾಮಾಲೆ ಬಂದವರ ಹಾಗೆ. ಅದೂ ಸಾಲದೆಂದು ಚಿತ್ರವನ್ನು ಪರದೆ ತುಂಬಲಿ ಅಂತ ಎಳೆದಿದ್ದರು, ಎಲ್ಲರೂ ಗಿಡ್ಡ, ಎಲ್ಲರೂ ದಪ್ಪ.

ಮುಂದಿನ ಸಾಲಿನ ಹಿರಿಯಾಕಿ ನನ್ನ ಕಡೆ ತಿರುಗಿ, "ತಮ್ಮಾ, ಅದ್ಯಾರ ಮಾರಿ? ನಂದಲ್ಲ ಬಿಡು" ಅಂದಳು.

ನಾನು ಆಪರೇಟರ್ ಹತ್ತಿರ ಹೋದೆ. ಸಂಭಾಷಣೆ ಇಷ್ಟೇ.

"ಯಾವ ಮೋಡ್‌ನ್ಯಾಗ ಅದ ಇದು?"

"ಡೈನಾಮಿಕ್ ಅದರಿ ಸರ್. ಎಲ್ಲಾ ಕಡಿ ಇದ ಹಾಕ್ತೀವಿ. ಬೆಳಕು ಜಾಸ್ತಿ ಬರ್ತದ."

"ಸಿನೆಮಾ ಮೋಡ್ ಹಾಕು."

"ಮಂಕ್ ಕಾಣ್ತದ್ರಿ. ಹಳ್ಳಿ ಮಂದಿಗಿ ಝಗಮಗ ಇರಬೇಕ್ರಿ."

ಈ ಕೊನೆಯ ವಾಕ್ಯದ ಮೇಲೆ ನನಗೆ ಜಗಳ ಇದೆ. ಆ ಹುಡುಗನ ಮೇಲೆ ಇಲ್ಲ, ಅವನು ದಿನದ ಬಾಡಿಗೆಗೆ ಮಷೀನ್ ಹೊತ್ತು ತರುವವನು, ಯಾರೋ ಹೇಳಿಕೊಟ್ಟದ್ದನ್ನು ಹೇಳಿದ. ಆ ಮಾತನ್ನು ಹೇಳಿಕೊಟ್ಟವರ ಮೇಲೆ ಜಗಳ. ಸಾವಿರಾರು, ಕೆಲವು ಕಡೆ ಲಕ್ಷಾಂತರ ರೂಪಾಯಿ ಕೊಟ್ಟು ಪ್ರೊಜೆಕ್ಟರ್ ಕೊಳ್ಳುತ್ತಾರೆ. ರಿಮೋಟ್ ಹಿಡಿದು ಇಪ್ಪತ್ತು ನಿಮಿಷ ಕೂತು ಅದರ ಬಣ್ಣ ಸರಿ ಮಾಡುವವರು ಇಲ್ಲ. ಯಾಕೆ ಇಲ್ಲ ಅಂದರೆ, ನೋಡುವವರಿಗೆ ಗೊತ್ತಾಗಲ್ಲ ಅನ್ನುವ ನಂಬಿಕೆ. ನೋಡಿದಾಕಿಗೆ ಒಂದೇ ನಿಮಿಷದಲ್ಲಿ ಗೊತ್ತಾಯಿತಲ್ಲ!

ಡೈನಾಮಿಕ್, ವಿವಿಡ್, ಬ್ರೈಟ್, ಹೆಸರು ಏನೇ ಇರಲಿ, ಈ ಮೋಡ್ ಇರುವುದು ಅಂಗಡಿಗಾಗಿ. ಹತ್ತು ಮಷೀನ್ ಸಾಲಾಗಿ ಇಟ್ಟಿರುವ, ಮೇಲೆ ಲೈಟ್ ಉರಿಯುವ ಶೋರೂಮಿನಲ್ಲಿ ಹೆಚ್ಚು ಹೊಳೆದದ್ದೇ ಮಾರಾಟ ಆಗುತ್ತದೆ. ಡಬ್ಬಿಯ ಮೇಲೆ ಬರೆದ ಲೂಮೆನ್ ಲೆಕ್ಕವೂ ಸಾಮಾನ್ಯವಾಗಿ ಈ ಮೋಡ್‌ನದೇ. ದೀಪದ ಪ್ರೊಜೆಕ್ಟರ್‌ಗಳಲ್ಲಿ ಇರುವುದು ಪಾದರಸದ ದೀಪ, ಅದರ ಬೆಳಕಿನಲ್ಲಿ ಹಸಿರು ಜಾಸ್ತಿ, ಕೆಂಪು ಕಡಿಮೆ. ನಮ್ಮ ಕಣ್ಣಿಗೆ ಹಸಿರೇ ಹೆಚ್ಚು ಬೆಳಕಾಗಿ ಕಾಣುತ್ತದೆ. ಸರಿಯಾದ ಬಿಳಿ ಬೇಕೆಂದರೆ ಆ ಹಸಿರನ್ನು ತಡೆಯಬೇಕು, ತಡೆದರೆ ಲೂಮೆನ್ ಇಳಿಯುತ್ತದೆ. ಡೈನಾಮಿಕ್ ಮೋಡ್ ತಡೆಯುವುದಿಲ್ಲ, ಬಿಟ್ಟುಬಿಡುತ್ತದೆ. ಹಂಗಾಗಿ ಹಸಿರು ಮಾರಿ. ಅಗ್ಗದ ಎಲ್‌ಇಡಿ ಪ್ರೊಜೆಕ್ಟರ್ ಆದರೆ ನೀಲಿ ಮಾರಿ. ಬಣ್ಣದ ಚಕ್ರ ತಿರುಗುವ ಡಿಎಲ್‌ಪಿ ಮಷೀನ್‌ಗಳಲ್ಲಿ ಇನ್ನೊಂದು ಉಪಾಯ ಇದೆ: ಆ ಚಕ್ರದಲ್ಲಿ ಬಣ್ಣವಿಲ್ಲದ ಒಂದು ತುಂಡು ಇಟ್ಟು ಬಿಳಿಯನ್ನು ಹೆಚ್ಚಿಸುತ್ತಾರೆ. ಬಿಳಿ ಹೊಳೆಯುತ್ತದೆ, ಅದರ ಪಕ್ಕದ ಕೆಂಪು ಸೀರೆ ಕಂದಿ ಹೋಗುತ್ತದೆ.

ಇದನ್ನು ಬರೆಯುವ ನಾನೂ ಈ ತಪ್ಪು ಮಾಡಿದವನೇ. ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ಒಂದನ್ನು ಮನೆಗೆ ತಂದು ವರ್ಷದ ಮೇಲೆ ಕಾರ್ಖಾನೆಯಿಂದ ಬಂದ ಹಾಗೇ ನೋಡಿದೆ. ನಮ್ಮ ಮನೆಯ ಗೋಡೆ ಸುಣ್ಣದ್ದು. ಸುಣ್ಣಕ್ಕೆ ನೀಲಿ ಬೆರೆಸುವುದು ನಮ್ಮ ಕಡೆ ರೂಢಿ, ಹಬ್ಬಕ್ಕೊಮ್ಮೆ ಅವ್ವ ಒಂದು ಚಿಟಿಕೆ ಜಾಸ್ತಿಯೇ ಹಾಕುತ್ತಾಳೆ. ಹಗಲು ಅದು ಬಿಳಿಗಿಂತ ಬಿಳಿಯಾಗಿ ಕಾಣುತ್ತದೆ, ಅದಕ್ಕೇ ಹಾಕುವುದು. ರಾತ್ರಿ ಅದೇ ಗೋಡೆ ಮೇಲೆ ಚಿತ್ರ ಬಿಟ್ಟರೆ ರಾಜ್‌ಕುಮಾರ್ ಕೂಡ ನೀರಲ್ಲಿ ಮುಳುಗಿ ಎದ್ದವರ ಹಾಗೆ ಕಾಣುತ್ತಾರೆ. ತಪ್ಪು ಮಷೀನಿನದು ಅಂತ ವರ್ಷ ಪೂರ್ತಿ ಬೈದೆ. ಆಮೇಲೆ ಹೊಳಪಿಲ್ಲದ ಬಿಳಿ ಬಣ್ಣ ತಂದು ಆರು ಅಡಿ ಅಗಲದ ಚೌಕ ಬಳಿದೆ. ಅವ್ವ ಎರಡು ದಿನ ಮಾತಾಡಲಿಲ್ಲ.

ಶಾಲೆಗಳ ವಿಷಯಕ್ಕೆ ಬಂದರೆ ಇದು ಬರೀ ಚಂದದ ಮಾತಲ್ಲ. ಒಂದು ಶಾಲೆಯ ಸ್ಮಾರ್ಟ್ ಕ್ಲಾಸ್ ನೋಡಿದ್ದೇನೆ. ಕಿಟಕಿಗೆ ಪರದೆ ಇಲ್ಲ, ಮಧ್ಯಾಹ್ನದ ಬಿಸಿಲು ನೇರ ಗೋಡೆಗೆ. ಭಾರತದ ಮಳೆ ಹಂಚಿಕೆಯ ನಕಾಶೆ ತೋರಿಸುತ್ತಿದ್ದರು. ತಿಳಿ ಹಳದಿ ಅಂದರೆ ಕಡಿಮೆ ಮಳೆ, ತಿಳಿ ಹಸಿರು ಅಂದರೆ ಅದಕ್ಕಿಂತ ಹೆಚ್ಚು. ಗೋಡೆಯ ಮೇಲೆ ಎರಡೂ ಒಂದೇ ಬಣ್ಣ. ಯಾದಗಿರಿ ಎಲ್ಲಿ ಬರುತ್ತದೆ ಅಂತ ಮೇಷ್ಟ್ರು ಕೇಳಿದರೆ ಮಕ್ಕಳು ಪಿಳಿಪಿಳಿ ನೋಡಿದರು. ಬರಗಾಲದ ಜಿಲ್ಲೆಯ ಮಗು ತನ್ನ ಜಿಲ್ಲೆಗೆ ಮಳೆ ಕಡಿಮೆ ಅನ್ನುವುದನ್ನು ನಕಾಶೆಯಲ್ಲಿ ಓದಲಾರದೆ ದಡ್ಡ ಅನ್ನಿಸಿಕೊಂಡಿತು. ಆ ಕೋಣೆಗೆ ಪ್ರೊಜೆಕ್ಟರ್ ಬಂತು, ಫೋಟೊ ತೆಗೆದರು, ಸುದ್ದಿಯೂ ಆಯಿತು (ಅಂಥ ಸುದ್ದಿ ನಾನೂ ಬರೆದಿದ್ದೇನೆ, ಎರಡು ಕಾಲಂ). ಎರಡು ಕಪ್ಪು ಬಟ್ಟೆ ಮಾತ್ರ ಬರಲಿಲ್ಲ. ಪ್ರೊಜೆಕ್ಟರ್ ಕಪ್ಪನ್ನು ಎಸೆಯಲಾರದು, ಅದಕ್ಕೆ ಗೊತ್ತಿರುವುದು ಬೆಳಕು ಮಾತ್ರ. ಚಿತ್ರದಲ್ಲಿರುವ ಕಪ್ಪು ಅಂದರೆ ಮಷೀನ್ ಬೆಳಕು ಬಿಡದ ಜಾಗ. ಆ ಜಾಗಕ್ಕೆ ಬಿಸಿಲು ಬಿದ್ದರೆ ಕಪ್ಪು ಎಲ್ಲಿಂದ ಬರಬೇಕು? ಯಾವ ಸೆಟ್ಟಿಂಗೂ ಅದನ್ನು ಸರಿ ಮಾಡಲಾರದು.

"ಬಣ್ಣ ಅವರವರ ಇಷ್ಟ, ನಿಂಗ್ಯಾಕ?" ಅನ್ನುವವರು ಇದ್ದಾರೆ. ನಮ್ಮ ಗೆಳೆಯರ ಗುಂಪಿನಲ್ಲೇ ಇದ್ದಾರೆ. ಮನೆಯಲ್ಲಿ ನಿಮ್ಮ ಪಾಡಿಗೆ ನೋಡುವಾಗ ಇಷ್ಟ ಸರಿ, ಕ್ರಿಕೆಟ್ ಮೈದಾನ ರಾಸಾಯನಿಕ ಗೊಬ್ಬರ ಹಾಕಿದ ಹಾಗೆ ಕಾಣಲಿ, ನನ್ನ ತಕರಾರಿಲ್ಲ. ಆದರೆ ಬಣ್ಣಕ್ಕೆ ಒಂದು ಒಪ್ಪಿತ ಅಳತೆ ಇದೆ. ನಾವು ಇಂದು ನೋಡುವ ಬಹುಪಾಲು ಟಿವಿ, ವಿಡಿಯೊ ಎಲ್ಲ ರೆಕ್ 709 ಅನ್ನುವ ಮಾನದಂಡಕ್ಕೆ ತಯಾರಾಗುತ್ತವೆ, ಅದರಲ್ಲಿ ಬಿಳಿ ಅಂದರೆ ಸುಮಾರು 6500 ಕೆಲ್ವಿನ್ನಿನ ಬಿಳಿ. ಕ್ಯಾಮೆರಾದವನು, ಎಡಿಟಿಂಗಿನವನು ಆ ಅಳತೆ ಇಟ್ಟುಕೊಂಡು ಕೆಲಸ ಮಾಡಿರುತ್ತಾನೆ. ಅದನ್ನು ಕೆಡಿಸಿ ಬೇರೆಯವರಿಗೆ ತೋರಿಸಿದರೆ ಅದು ಇಷ್ಟದ ಪ್ರಶ್ನೆ ಅಲ್ಲ, ತೂಕದ ಕಲ್ಲು ಬದಲಾಯಿಸಿದ ಹಾಗೆ.

ಮುಖದ ಬಣ್ಣದ ವಿಷಯದಲ್ಲಂತೂ ಈ ಅನ್ಯಾಯಕ್ಕೆ ಇತಿಹಾಸವೇ ಇದೆ. ಕೊಡ್ಯಾಕ್ ಕಂಪನಿ ಫೋಟೊ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಕಾರ್ಡ್ ಕಳಿಸುತ್ತಿತ್ತು. ಅದರಲ್ಲಿ ಬಿಳಿ ಹೆಣ್ಣುಮಗಳ ಚಿತ್ರ. ಮೊದಲ ರೂಪದರ್ಶಿಯ ಹೆಸರಿನಿಂದ ಅದನ್ನು ಶರ್ಲಿ ಕಾರ್ಡ್ ಅಂತಲೇ ಕರೆದರು. ಆಕೆಯ ಚರ್ಮ ಸರಿ ಬಂದರೆ ಬಣ್ಣ ಸರಿ ಅಂತ ಲೆಕ್ಕ. ಕಪ್ಪು ಜನರ ಮುಖ ಫೋಟೊದಲ್ಲಿ ಕಣ್ಣು, ಹಲ್ಲು ಮಾತ್ರ ಆಗಿ ಉಳಿಯುತ್ತಿತ್ತು. ಕಂದು ಬಣ್ಣಗಳನ್ನು ಕಂಪನಿ ಮುಂದೆ ಸುಧಾರಿಸಿದ್ದರ ಹಿಂದೆ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರ ದೂರು ಇತ್ತು. ಮರದ ಮೇಜಿನ ಬಣ್ಣ ಕೆಟ್ಟಿದೆ ಅಂದಾಗ ಕಿವಿ ಕೇಳಿಸಿತು, ಮನುಷ್ಯರದು ಕೆಟ್ಟಾಗ ಕೇಳಿಸಿರಲಿಲ್ಲ. ಬಿಸಿಲಲ್ಲಿ ದುಡಿದ ನಮ್ಮ ಹೆಣ್ಣುಮಕ್ಕಳ ಮುಖದಲ್ಲಿ ಕೆಂಪು ಬೆರೆತ ಕಪ್ಪು ಇದೆ. ಕೆಂಪೇ ಕಡಿಮೆ ಇರುವ ಬೆಳಕಿನಲ್ಲಿ ಮೊದಲು ಸಾಯುವುದು ಅದೇ.

ಬಣ್ಣ ನಮಗೆ ಹೊಸದಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಪಕ್ಕದ ಸುರಪುರದಲ್ಲಿ ಗರುಡಾದ್ರಿ ಮನೆತನದವರ ಚಿತ್ರಕಲೆ ಇದೆ, ಕೂದಲೆಳೆಯಷ್ಟು ಸಣ್ಣ ಗೆರೆ. ಅಂಥ ಸೀಮೆಯ ಜನಕ್ಕೆ ಝಗಮಗ ಸಾಕಂತೆ.

ಹಳೆಯ ಟೂರಿಂಗ್ ಟಾಕೀಸ್ ಬಗ್ಗೆ ನಮ್ಮ ಕಾಕಾ ಹೇಳುತ್ತಿದ್ದುದು ನೆನಪಾಗುತ್ತದೆ. ಆಗಿನ ಪ್ರೊಜೆಕ್ಟರಿನಲ್ಲಿ ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಿಡಿ ಹೊತ್ತಿಸಿ ಬೆಳಕು ಮಾಡುತ್ತಿದ್ದರು. ಕಡ್ಡಿ ಉರಿದು ಸವೆಯುತ್ತದೆ, ನಡುವಿನ ಅಂತರ ಹೆಚ್ಚಾದರೆ ಬೆಳಕು ಕುಂದುತ್ತದೆ. ಆಪರೇಟರ್ ಚಿತ್ರ ಮುಗಿಯುವವರೆಗೂ ಅದನ್ನು ನೋಡಿಕೊಳ್ಳುತ್ತಲೇ ಇರಬೇಕು. ಅವನು ಸ್ವಲ್ಪ ತೂಕಡಿಸಿದರೂ ನೆಲದ ಮೇಲೆ ಕೂತವರು ಸೀಟಿ ಹೊಡೆದು ಎಬ್ಬಿಸುತ್ತಿದ್ದರು. ಚಿಲ್ಲರೆ ಕೊಟ್ಟು ನೆಲದ ಮೇಲೆ ಕೂತವನಿಗೂ ಕೂಗುವ ಹಕ್ಕಿತ್ತು. ಈಗ ಎಲ್ಲ ಪುಕ್ಕಟೆ, ಎಲ್ಲ ಉಪಕಾರ. ಯಾರೋ ತೋರಿಸುತ್ತಿದ್ದಾರಲ್ಲ ಅಂತ ನಾವು ಬಾಯಿ ಮುಚ್ಚಿಕೊಂಡು ಹಸಿರು ಮಾರಿ ನೋಡುತ್ತೇವೆ.

ಸರಿ ಮಾಡುವುದಕ್ಕೆ ತಜ್ಞ ಬೇಕು, ಅಳೆಯುವ ಯಂತ್ರ ಬೇಕು ಅನ್ನುವುದು ಇನ್ನೊಂದು ನೆಪ. ಕರಾರುವಾಕ್ಕಾಗಿ ಬೇಕಾದರೆ ಬೇಕು. ಶೇಕಡಾ ನೂರು ಯಾರು ಕೇಳಿದರು? ಮೊದಲು ಕತ್ತಲು ಮಾಡಿ. ಮಷೀನನ್ನು ಪರದೆಗೆ ನೇರ ಇಡಿ. ಓರೆ ಇಟ್ಟು ಕೀಸ್ಟೋನ್ ಒತ್ತಿದರೆ ಚಿತ್ರ ಚೌಕಾಗುತ್ತದೆ, ಆದರೆ ಅಷ್ಟು ಪಿಕ್ಸೆಲ್ ಸುಮ್ಮನೆ ಹಾಳು. ಮೋಡ್ ಸಿನೆಮಾಕ್ಕೆ ತನ್ನಿ, ಬಣ್ಣದ ತಾಪಮಾನವನ್ನು ವಾರ್ಮ್‌ಗೆ ಅಥವಾ 6500ಕ್ಕೆ. ಮೊದಲ ಐದು ನಿಮಿಷ ಮಂಕಾಗಿ ಕಾಣುತ್ತದೆ, ಕಣ್ಣು ಹೊಂದಿಕೊಳ್ಳಲಿ ಬಿಡಿ. ಇಲ್ಲೇ ಹೆಚ್ಚಿನವರು ಸೋತು ಡೈನಾಮಿಕ್‌ಗೆ ವಾಪಸ್ ಹೋಗುವುದು.

ಆಮೇಲೆ ಬ್ರೈಟ್‌ನೆಸ್. ಹೆಸರು ನೋಡಿ ಮೋಸ ಹೋಗಬೇಡಿ, ಅದು ಬೆಳಕನ್ನು ಅಲ್ಲ, ಕಪ್ಪನ್ನು ತಿದ್ದುವ ಗುಂಡಿ. ಬಿಳಿಯನ್ನು ತಿದ್ದುವುದು ಕಾಂಟ್ರಾಸ್ಟ್. ನಾನು ಕರಿ ಕಂಬಳಿ ಹೊದ್ದ ಕುರುಬರ ಅಜ್ಜನ ಒಂದು ಫೋಟೊ ಇಟ್ಟುಕೊಂಡಿದ್ದೇನೆ, ಕೆಳಗೆ ಬಿಳಿ ಧೋತ್ರ. ಕಂಬಳಿಯ ಮಡಿಕೆ ಕಾಣಬೇಕು, ಕಂಬಳಿ ಕರಿಯಾಗಿಯೂ ಇರಬೇಕು, ಅಲ್ಲಿಗೆ ಬ್ರೈಟ್‌ನೆಸ್ ನಿಲ್ಲಿಸಿ. ಧೋತ್ರದ ನಿರಿಗೆ ಕರಗದ ಹಾಗೆ ಕಾಂಟ್ರಾಸ್ಟ್ ಏರಿಸಿ. ಎಷ್ಟು ತಿದ್ದಿದರೂ ಕಂಬಳಿ ಬೂದಿಯಾಗಿಯೇ ಇದ್ದರೆ ಅಥವಾ ಮಡಿಕೆ ಪೂರ್ತಿ ನುಂಗಿ ಹೋಗಿದ್ದರೆ ಲ್ಯಾಪ್‌ಟಾಪಿಗೂ ಪ್ರೊಜೆಕ್ಟರಿಗೂ ಹೊಂದಿಕೆ ಇಲ್ಲ ಅಂತ ಅರ್ಥ: ಒಂದು ಕಪ್ಪನ್ನು 0 ಅಂತ ಎಣಿಸುತ್ತಿದೆ, ಇನ್ನೊಂದು 16 ಅಂತ. ಮೆನುವಿನಲ್ಲಿ ಎಚ್‌ಡಿಎಂಐ ರೇಂಜ್ ಹುಡುಕಿ ಎರಡನ್ನೂ ಒಂದೇ ಮಾಡಿ.

ಬಿಳಿ ಸರಿ ಇದೆಯೋ ಇಲ್ಲವೋ ನೋಡಲು ಕಪ್ಪು-ಬಿಳುಪು ಸಿನೆಮಾ ಹಾಕಿ. ನಾನು ಹಾಕುವುದು 1971ರ ‘ಕಸ್ತೂರಿ ನಿವಾಸ’, 2014ರಲ್ಲಿ ಬಣ್ಣ ಹಚ್ಚಿ ಬಿಟ್ಟದ್ದಲ್ಲ, ಮೂಲದ್ದು. ಬಣ್ಣವೇ ಇಲ್ಲದ ಚಿತ್ರದಲ್ಲಿ ಹಸಿರೋ ನೀಲಿಯೋ ಕಂಡರೆ ಅದು ನಿಮ್ಮ ಮಷೀನಿನದು ಇಲ್ಲವೇ ಗೋಡೆಯದು, ಸಿನೆಮಾದ್ದಲ್ಲ. ಅದು ಹೋದ ಮೇಲೆಯೇ ಕಲರ್ ಮುಟ್ಟಬೇಕು. ನಿಮಗೆ ಗೊತ್ತಿರುವ ಒಬ್ಬರ ಮುಖ, ಒಣ ಮೆಣಸಿನಕಾಯಿ, ಎರಿ ಮಣ್ಣು ಇರುವ ಫೋಟೊ ಹಾಕಿ ನೋಡಿ. ಮೆಣಸಿನಕಾಯಿ ರಾಶಿ ಒಂದೇ ಕೆಂಪು ಮುದ್ದೆಯಾಗಿ ಕಂಡರೆ ಕಲರ್ ಹೆಚ್ಚಾಯಿತು. ಶಾರ್ಪ್‌ನೆಸ್ ಕೆಳಗಿಳಿಸಿ, ಅದು ವಿವರ ಕೊಡುವುದಿಲ್ಲ, ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ ಅಷ್ಟೆ. ಸಿನೆಮಾ ಧಾರಾವಾಹಿ ಥರ ನುಣ್ಣಗೆ ಓಡುತ್ತಿದ್ದರೆ ಮೋಷನ್ ಅಂತ ಇರುವುದನ್ನು ಆಫ್ ಮಾಡಿ. ಫಿಲ್ಟರ್ ಇರುವ ಮಷೀನ್ ಆದರೆ ಅದರ ಧೂಳು ತೆಗೆಯಿರಿ, ನಮ್ಮ ಬ್ಯಾಸಗಿ ಧೂಳಿಗೆ ಎಷ್ಟು ತೆಗೆದರೂ ಕಡಿಮೆಯೇ.

ಇನ್ನು ಆನ್‌ಲೈನ್‌ನಲ್ಲಿ ಐದಾರು ಸಾವಿರಕ್ಕೆ "4ಕೆ" ಅಂತ ಕೊಳ್ಳುವ ನಮ್ಮ ಹುಡುಗರಿಗೆ ಒಂದು ಮಾತು. "4ಕೆ ಸಪೋರ್ಟ್" ಅಂದರೆ 4ಕೆ ಫೈಲ್ ಹಾಕಿದರೆ ಓಡುತ್ತದೆ ಅಂತ ಮಾತ್ರ. ಗೋಡೆ ಮೇಲೆ ಬೀಳುವುದು ಅದರ ನೇಟಿವ್ ರೆಸಲ್ಯೂಷನ್, ಅದು 720 ಇರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು. ಲೂಮೆನ್ ಮುಂದೆ ಆನ್ಸಿ ಅಂತ ಬರೆದಿಲ್ಲದಿದ್ದರೆ ಆ ಸಂಖ್ಯೆಯನ್ನು ನಂಬಬೇಡಿ. ಸುಳ್ಳು ಸಂಖ್ಯೆಗೆ ದುಡ್ಡು ಕೊಟ್ಟು ಆಮೇಲೆ ಡೈನಾಮಿಕ್ ಮೋಡ್‌ನಲ್ಲಿ ಅದನ್ನು ನಿಜ ಮಾಡಲು ಹೋಗುವುದು, ಇದೇ ನಡೆಯುತ್ತಿರುವುದು.

ಹೋದ ತಿಂಗಳು ಆ ಹಿರಿಯಾಕಿಯನ್ನೂ ಅವಳ ಜೊತೆಯವರನ್ನೂ ನಮ್ಮ ಮನೆಗೆ ಕರೆದೆ. ಅದೇ ವಿಡಿಯೊ, ಆರಡಿ ಚೌಕದ ಮೇಲೆ. ಅವ್ವ ಚಹಾ ಮಾಡಿದಳು. ಲೈಟ್ ಆರಿಸಿದೆ. ಮೊದಲ ಮುಖ ಬಂದಾಗ ಯಾರೂ ಏನೂ ಅನ್ನಲಿಲ್ಲ, ನಂತರ ಒಬ್ಬಾಕಿ ಇನ್ನೊಬ್ಬಾಕಿಯ ತೊಡೆ ಚಿವುಟಿ ನಕ್ಕಳು. ಹಿರಿಯಾಕಿ ಪೂರ್ತಿ ನೋಡಿ, "ಹೂಂ, ಇದು ನಾನ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಕೂಲಿ ಎಷ್ಟು ಕೊಡ್ತಾರಂತ ನಾ ಹೇಳೀನಲ್ಲ, ಅದು ಒಂದೂ ಕೇಳಸ್ಲಿಲ್ಲ. ಅಲ್ಲೂ ಕೇಳಸಿಲ್ಲ, ಇಲ್ಲೂ ಕೇಳಸಿಲ್ಲ" ಅಂದಳು. ಮಷೀನಿನ ಒಳಗಿನ ಸ್ಪೀಕರ್‌ನಲ್ಲೇ ಬಿಟ್ಟಿದ್ದೆ. ಫ್ಯಾನಿನ ಸದ್ದಿಗೆ ಅವಳ ದನಿ ಮುಚ್ಚಿ ಹೋಗಿತ್ತು. ಶಹಾಪುರದಿಂದ ಒಂದು ಸ್ಪೀಕರ್ ತರಬೇಕು.